ಹಳೆ ಮರದ ದೋಣಿಯ ಅಳತೆಯಿಂದ ಡೆಲ್ಫ್ಟ್‌ಶಿಪ್ ಮಾಡೆಲ್: ನನ್ನ ಅನುಭವ

ಅಳೆದ ಪ್ರತಿ ಬಿಂದುವನ್ನೂ ಮುಟ್ಟಿಸಲೇಬೇಕೆಂಬ ಹಟ ಬಿಟ್ಟರೆ ಮಾತ್ರ ಹಳೆ ದೋಣಿಯ ಮೈ ಕಂಪ್ಯೂಟರಿನಲ್ಲಿ ನಯವಾಗಿ ಬರುತ್ತದೆ. ಹೀಗೆಂದಾಗ "ಹಾಗಾದರೆ ಅಳೆಯೋದು ಯಾಕೆ?" ಎಂದವರೇ ಹೆಚ್ಚು. ಈಗ ಡೆಲ್ಫ್ಟ್‌ಶಿಪ್ (ದೋಣಿಯ ಮೈ ರಚಿಸುವ ಸಾಫ್ಟ್‌ವೇರ್) ಫೈಲಿನಿಂದ ಕತ್ತರಿಸಿದ ಪ್ಲೈ ಅಚ್ಚುಗಳನ್ನು ದೋಣಿಗೆ ಹಿಡಿದರೆ ಸಂದು ನಾಲ್ಕೈದು ಮಿ.ಮೀ. ಮೀರುವುದಿಲ್ಲ.

ಗಂಗೊಳ್ಳಿ ಕಡೆಯ ಗಿಲ್‌ನೆಟ್ ಮೀನುಗಾರಿಕೆ ದೋಣಿ. ಉದ್ದ 9 ಮೀಟರ್ ಚಿಲ್ಲರೆ, ಅಗಲ 2 ಮೀಟರಿಗೆ ಸ್ವಲ್ಪ ಮೇಲೆ. ಅದೇ ಮೈಯನ್ನು ಫೈಬರಿನಲ್ಲಿ ತೆಗೆಯಬೇಕಿತ್ತು. ಸ್ಕ್ಯಾನಿಂಗಿಗೆ ಅರವತ್ತು ಸಾವಿರದ ಆಸುಪಾಸು ಕೇಳಿದರು. ಕೈಯಳತೆಗೆ ಲೇಸರ್ ಲೆವೆಲ್ ಮೂರೂವರೆ ಸಾವಿರ, ಪ್ಲೈ ಮತ್ತು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಯಂತ್ರ) ಕಟಿಂಗ್ ಸೇರಿ ಹನ್ನೆರಡು–ಹದಿಮೂರು ಸಾವಿರ. ಸಾಫ್ಟ್‌ವೇರಿನ ಉಚಿತ ಆವೃತ್ತಿಯೇ ಸಾಕಾಯಿತು.

ಟೇಪು ಹಿಡಿಯುವ ಮೊದಲು ಕೀಲ್ (ತಳದ ನಡುಮರ) ಉದ್ದಕ್ಕೂ ದಾರ ಎಳೆದು ನೋಡಬೇಕು. ದಡದ ಮೇಲೆ ನಡುವೆ ಮಾತ್ರ ಆಧಾರ ಕೊಟ್ಟು ನಿಲ್ಲಿಸಿದ ಮರದ ದೋಣಿಯ ಎರಡು ತುದಿಯೂ ಜಗ್ಗುತ್ತವೆ, ಇದರಲ್ಲಿ 15–20 ಮಿ.ಮೀ. ಇತ್ತು. ಜಾಕ್ ಕೊಟ್ಟು ಎತ್ತದೆ ಅಳೆದರೆ ಆ ಜಗ್ಗು ಮಾಡೆಲಿನಲ್ಲೂ ಕೂರುತ್ತದೆ. ಸ್ಟೇಷನ್, ಅಂದರೆ ಅಡ್ಡಕ್ಕೆ ಅಳೆಯುವ ಜಾಗಗಳ ಅಂತರ ನಡುವೆ 600, ಮೂತಿ ಮತ್ತು ಹಿಂಬದಿಯಲ್ಲಿ 300 ಮಿ.ಮೀ.; ಒಂದೊಂದಕ್ಕೆ ಒಂಬತ್ತು–ಹತ್ತು ಬಿಂದು. ಕಡಲಗಾಳಿಗೆ ತೂಗುಗುಂಡು ನಿಲ್ಲುವುದಿಲ್ಲ, ಬಕೆಟ್ ನೀರಿನಲ್ಲಿ ಇಳಿಬಿಡಿ. ಎಡ–ಬಲ ಅಳತೆಯಲ್ಲಿ 25 ಮಿ.ಮೀ. ತನಕ ವ್ಯತ್ಯಾಸ ಸಾಮಾನ್ಯ. ಹಲವರು ಸರಾಸರಿ ತೆಗೆಯುತ್ತಾರೆ, ನಾನು ತೆಗೆಯುವುದಿಲ್ಲ. ಹಲಗೆ ಬದಲಾಯಿಸಿದ ಕಡೆಯ ಉಬ್ಬು ಅರ್ಧ ಪಾಲು ಒಳಗೆ ಬಂದುಬಿಡುತ್ತದೆ. ರಿಪೇರಿ ಕಡಿಮೆ ಕಂಡ ಬದಿಯನ್ನೇ ಹಿಡಿಯಿರಿ.

ಎಲ್ಲ ಬಿಂದುಗಳ ಮೇಲೆ ಕರ್ವ್ ಹಾಯಿಸಿ ಲಾಫ್ಟ್ ಮಾಡುವ (ಕರ್ವ್‌ಗಳ ನಡುವೆ ಮೇಲ್ಮೈ ಹೊದಿಸುವ) ದಾರಿ ರೈನೋ ಎಂಬ 3ಡಿ ಸಾಫ್ಟ್‌ವೇರಿನಲ್ಲಿ ಸೋತದ್ದು ಹೀಗೆ. ಸ್ಟೇಷನ್ ಒಂದೊಂದೂ ಬಿಡಿಯಾಗಿ ಚೆಂದ ಕಾಣುತ್ತದೆ, ವಾಟರ್‌ಲೈನ್ (ನೀರಿನ ಮಟ್ಟಕ್ಕೆ ಸಮನಾದ ಅಡ್ಡಗೆರೆ) ಕತ್ತರಿಸಿ, ಬಾಗು ಎಷ್ಟೆಂದು ತೋರಿಸುವ ಕರ್ವೇಚರ್ ಕೋಂಬ್ ಹಾಕಿದರೆ ಸ್ಟೇಷನ್ನಿಗೊಮ್ಮೆ ಆಚೆ ಈಚೆ ಹೊರಳುತ್ತದೆ. ಮೂರು ಮಿ.ಮೀ. ಅಳತೆಯ ತಪ್ಪನ್ನು ಸಾಫ್ಟ್‌ವೇರ್ ನಿಯತ್ತಾಗಿ ಉಬ್ಬು–ತಗ್ಗು ಮಾಡಿ ಕೊಟ್ಟಿರುತ್ತದೆ.

ಡೆಲ್ಫ್ಟ್‌ಶಿಪ್ಪಿನಲ್ಲಿ ಆಫ್‌ಸೆಟ್‌ಗಳನ್ನು (ಅಳೆದ ಬಿಂದುಗಳನ್ನು) ಮಾರ್ಕರ್ ಆಗಿ, ಅಂದರೆ ಬರೀ ಗುರುತಾಗಿ ಮಾತ್ರ ತಂದೆ. ಹೊಸ ಮಾಡೆಲಿಗೆ ಉದ್ದಕ್ಕೆ ಏಳೆಂಟು, ಎತ್ತರಕ್ಕೆ ಐದು ಸಾಲು ಕಂಟ್ರೋಲ್ ಪಾಯಿಂಟ್ (ಎಳೆದು ಮೇಲ್ಮೈ ರೂಪಿಸುವ ಬಿಂದು). ಅದಕ್ಕಿಂತ ಹೆಚ್ಚು ಬೇಡ. ಪಾಯಿಂಟ್ ಮೇಲ್ಮೈಯಿಂದ ಹೊರಗೇ ನಿಲ್ಲುತ್ತದೆ, ಆದ್ದರಿಂದ ಮಾರ್ಕರ್ ದಾಟಿ ಎಳೆದರೆ ಮೇಲ್ಮೈ ಮಾರ್ಕರಿಗೆ ಬರುತ್ತದೆ. ಮೊದಲು ನಡುವಿನ ಸ್ಟೇಷನ್, ಆಮೇಲೆ ತುದಿಗಳು. ಮಾರ್ಕರ್‌ಗಳು ಮೇಲ್ಮೈಯ ಒಳಗೂ ಹೊರಗೂ ಸಮನಾಗಿ ಚದುರಿದ್ದರೆ ಹಾಗೇ ಬಿಡಿ. ಸಾಲಾಗಿ ಒಂದೇ ಕಡೆ ಉಳಿದರೆ ಅದು ಅಳತೆಯ ತಪ್ಪಲ್ಲ, ದೋಣಿಯ ನಿಜವಾದ ಆಕಾರ. ಅಲ್ಲಿ ಮಾತ್ರ ಕಂಟ್ರೋಲ್ ಪಾಯಿಂಟಿನ ಒಂದು ಕಾಲಮ್ ಸೇರಿಸಿ. ಮೂತಿಯ ಬಳಿ ತ್ರಿಕೋನ ಪ್ಯಾಚ್ (ಮೇಲ್ಮೈಯ ತುಣುಕು) ಬಿದ್ದರೆ ಗುಳಿ ಬೀಳುತ್ತದೆ, ನಾಲ್ಕು ಬದಿಯ ಪ್ಯಾಚನ್ನೇ ಉಳಿಸಿಕೊಳ್ಳಬೇಕು. ಕೊನೆಯ ಅರ್ಧ ಮೀಟರನ್ನು ಕೀಲಿಗೆ ಸೇರಿಸಿದ ಉಪಾಯ ಇಲ್ಲಿ ಬಿಡಿಸುವುದಿಲ್ಲ, ಹೊಟ್ಟೆಪಾಡು ಅದರಲ್ಲಿದೆ.

ನಡುವೆ ಮೊಬೈಲ್ ಫೋಟೋಗಳಿಂದ ಮಾಡೆಲ್ ತೆಗೆಯುವುದನ್ನೂ ಪರೀಕ್ಷಿಸಿದ್ದಾಯಿತು. ಕಪ್ಪು ಮಿರುಗುವ ಮೈ ಹಿಡಿಯಲೇ ಇಲ್ಲ. ಸುಣ್ಣದ ಚುಕ್ಕೆ ಇಟ್ಟ ಮೇಲೆ ಹಿಡಿಯಿತು, ಆದರೆ ಪೂರ್ತಿ ಉದ್ದಕ್ಕೆ 60–70 ಮಿ.ಮೀ. ತಪ್ಪು. ಮೂತಿಯ ಪಕ್ಕನೋಟಕ್ಕಷ್ಟೇ ಬಳಸಿದೆ. ಹಲಗೆಯ ಮೇಲೆ ಬಾಗುಗೆರೆ ಎಳೆಯಲು ಅಡಕೆ ದಬ್ಬೆ ಸಾಗದು, ದಪ್ಪ ಒಂದೇ ಸಮ ಇರುವುದಿಲ್ಲ. ವೈರಿಂಗಿನ ಪಿವಿಸಿ ಕೇಸಿಂಗ್ ಪಟ್ಟಿ ಚೆನ್ನಾಗಿ ಬಾಗುತ್ತದೆ.

ತೂಕದ ಪರೀಕ್ಷೆ ಬಿಡಬೇಡಿ. ಖಾಲಿ ದೋಣಿ ತೇಲುವ ಗೆರೆ ಗುರುತಿಸಿ, ಅದೇ ಗೆರೆಗೆ ಮಾಡೆಲಿನ ಡಿಸ್‌ಪ್ಲೇಸ್‌ಮೆಂಟ್ (ಮೈ ಸರಿಸುವ ನೀರಿನ ತೂಕ) ತೆಗೆದೆ. ಕ್ರೇನ್ ತೋರಿಸಿದ ತೂಕಕ್ಕೂ ಅದಕ್ಕೂ ಐವತ್ತು ಕಿಲೋ ಒಳಗೇ ವ್ಯತ್ಯಾಸ, ಗೆರೆಯಲ್ಲಿ ಲೆಕ್ಕ ಹಾಕಿದರೆ ಐದು ಮಿ.ಮೀ. ಮಳೆಗಾಲದ ಅಳಿವೆಯಲ್ಲಿ ಗುರುತಿಸಿದ್ದರೆ ನೀರಿನ ಸಾಂದ್ರತೆ ಕಡಲಿನ 1.025 ಅಲ್ಲ, ಸಿಹಿನೀರಿನ 1.0ರ ಹತ್ತಿರ ಹಾಕಿ.

ಪ್ಲಗ್ (ಫೈಬರ್ ಮೈಗೆ ಮೂಲವಾಗುವ ಮಾದರಿ) ಕಟ್ಟುವಾಗ ಅಚ್ಚಿನ ಮೇಲೆ ಹೊದಿಸುವ ಪಟ್ಟಿಯ ದಪ್ಪ ಕಳೆಯುವುದು ಮೇಲ್ಮೈಗೆ ನೇರ ಲಂಬವಾಗಿ. ಅಚ್ಚಿನ ಸಮತಲದಲ್ಲಿ ಎಲ್ಲ ಕಡೆ 18 ಮಿ.ಮೀ. ಕಳೆದರೆ ನಡುವೆ ಸರಿ, ಮೂತಿಯಲ್ಲಿ ಕೆಡುತ್ತದೆ. ಅಲ್ಲಿ ಮೈ 30 ಡಿಗ್ರಿ ಓರೆ ಇದ್ದರೆ ಕಳೆಯಬೇಕಾದ್ದು ಸುಮಾರು 21.