ಅಥೆನ್ಸಿನ ಪ್ರಜಾಪ್ರಭುತ್ವದಲ್ಲಿ ದಾರ್ಶನಿಕನ ಕೆಲಸವೇನು? ಮೂಲ ಗ್ರಂಥಗಳನ್ನು ಓದುವ ಬಗೆ

ಪ್ರಜಾಪ್ರಭುತ್ವದಲ್ಲಿ ದಾರ್ಶನಿಕನಿಗೆ ಏನು ಕೆಲಸ ಎಂಬುದನ್ನು ಗ್ರೀಕರಿಂದಲೇ ತಿಳಿಯಬೇಕೆನ್ನುವವರು ಸಾಮಾನ್ಯವಾಗಿ ಪ್ಲೇಟೋನ ‘ರಿಪಬ್ಲಿಕ್’ ಅನ್ನು ಕೈಗೆತ್ತಿಕೊಳ್ಳುತ್ತಾರೆ. ದಾರ್ಶನಿಕರೇ ಅರಸರಾಗಬೇಕು ಎಂಬ ಮಾತು ಬಂದೊಡನೆ ಉತ್ತರ ಸಿಕ್ಕಿತೆಂದು ನಿಂತುಬಿಡುತ್ತಾರೆ. ಆದರೆ ಆ ಮಾತು ಪ್ರಜಾಪ್ರಭುತ್ವವೇ ಇಲ್ಲದ ಒಂದು ನಗರವನ್ನು ಕುರಿತದ್ದು. ನಮ್ಮ ಪ್ರಶ್ನೆಗೆ ಉತ್ತರ ಬೇಕಿದ್ದರೆ ಓದನ್ನು ನ್ಯಾಯಾಲಯದಿಂದ, ಅಂದರೆ ಕ್ರಿ.ಪೂ. 399ರಲ್ಲಿ ನಡೆದ ಸಾಕ್ರೆಟೀಸನ ವಿಚಾರಣೆಯಿಂದ ಆರಂಭಿಸಬೇಕು.

ಅದಕ್ಕೂ ಮುನ್ನ ನಮ್ಮ ಪದಗಳ ವಿಷಯದಲ್ಲಿ ತುಸು ಎಚ್ಚರ ಅಗತ್ಯ. ಕನ್ನಡದಲ್ಲಿ ‘ತತ್ತ್ವಜ್ಞಾನಿ’ ಎಂದರೆ ತತ್ತ್ವವನ್ನು ಬಲ್ಲವನು, ‘ದಾರ್ಶನಿಕ’ ಎಂದರೆ ಕಂಡವನು. ಗ್ರೀಕಿನ ‘ಫಿಲೊಸೊಫೊಸ್’ ಇನ್ನೂ ಅರಸುತ್ತಿರುವವನು, ಜ್ಞಾನದ ಮೇಲೆ ಪ್ರೀತಿಯಿಟ್ಟವನು. ತನಗೆ ತಿಳಿಯದ್ದನ್ನು ತಿಳಿದಿದ್ದೇನೆಂದು ಭಾವಿಸದಿರುವುದಷ್ಟೇ ತನ್ನ ಹೆಚ್ಚುಗಾರಿಕೆ ಎನ್ನುವ ಸಾಕ್ರೆಟೀಸನನ್ನು ಸಿದ್ಧಪುರುಷನೆಂದು ಭಾವಿಸಿ ಓದಿದರೆ ಮೊದಲ ಪುಟದಲ್ಲೇ ದಾರಿ ತಪ್ಪುತ್ತದೆ. ಹಾಗೆಯೇ, ಆ ವಿಚಾರಣೆಯಲ್ಲಿ ಸಾಕ್ರೆಟೀಸ್ ಆಡಿದ ಮಾತುಗಳೆಂದು ಪ್ಲೇಟೋ ಬರೆದಿಟ್ಟ ‘ಅಪಾಲಜಿ’ ಎಂಬ ಕೃತಿಯ ಹೆಸರಿಗೆ ಕ್ಷಮೆಯಾಚನೆ ಎಂಬ ಅರ್ಥವಿಲ್ಲ. ಅದು ಆರೋಪಕ್ಕೆ ಕೊಡುವ ಉತ್ತರ.

ಅಥೆನ್ಸಿನ ಆಡಳಿತದ ಚಿತ್ರವೂ ಮನಸ್ಸಿನಲ್ಲಿರಲಿ. ನಾಗರಿಕರು ನೇರವಾಗಿ ಪ್ನಿಕ್ಸ್ ಗುಡ್ಡದ ಮೇಲೆ ಸಭೆ ಸೇರುತ್ತಿದ್ದರು. ಸಭೆಯ ಕಾರ್ಯಕಲಾಪವನ್ನು ಸಿದ್ಧಪಡಿಸುವ 500 ಜನರ ಮಂಡಳಿಗೂ ನ್ಯಾಯಾಲಯಗಳಿಗೂ ಚೀಟಿ ಎತ್ತಿ ಜನರನ್ನು ಆರಿಸಲಾಗುತ್ತಿತ್ತು. ಹೆಂಗಸರಿಗೆ, ಗುಲಾಮರಿಗೆ, ಹೊರಗಿನಿಂದ ಬಂದು ನೆಲೆಸಿದವರಿಗೆ ಇದರಲ್ಲಿ ಪಾಲಿರಲಿಲ್ಲ.

ಈಗ ‘ಅಪಾಲಜಿ’ಯನ್ನು ಪೆನ್ಸಿಲ್ ಹಿಡಿದು ಓದಿರಿ, ಸಾಕ್ರೆಟೀಸ್ ತನ್ನೆದುರಿಗಿರುವವರನ್ನು ಸಂಬೋಧಿಸುವ ಕಡೆಯಲ್ಲೆಲ್ಲ ಗುರುತು ಹಾಕಿಕೊಳ್ಳಿ. ಅವನು ಅವರನ್ನು ಬಹುಮಟ್ಟಿಗೆ ‘ಅಥೆನ್ಸಿನವರೇ’ ಎಂದು ಕರೆಯುತ್ತಾನೆ. ಮರಣದಂಡನೆ ತೀರ್ಮಾನವಾದ ನಂತರ, ತನ್ನ ಪರವಾಗಿ ಮತ ಹಾಕಿದವರತ್ತ ತಿರುಗಿದಾಗ ಮಾತ್ರ ‘ನ್ಯಾಯಾಧೀಶರೇ’ ಎನ್ನುತ್ತಾನೆ, ಹಾಗೆ ಕರೆಯುವುದು ಸರಿಯೆಂದೂ ಸೇರಿಸುತ್ತಾನೆ. ಪೀಠದಲ್ಲಿ ಕುಳಿತ ಮಾತ್ರಕ್ಕೆ ಒಬ್ಬನು ನ್ಯಾಯಾಧೀಶನಾಗುವುದಿಲ್ಲ, ನ್ಯಾಯವಾಗಿ ತೀರ್ಪು ಕೊಟ್ಟವನು ಆಗುತ್ತಾನೆ ಎಂಬ ಅವನ ನಿಲುವು ಈ ಒಂದು ಸಂಬೋಧನೆಯಲ್ಲಿದೆ.

ಎರಡನೆಯ ಸಲ ಓದುವಾಗ, ತಾನೇಕೆ ರಾಜಕೀಯಕ್ಕೆ ಇಳಿಯಲಿಲ್ಲವೆಂದು ಅವನು ವಿವರಿಸುವ ಭಾಗದಲ್ಲಿ ನಿಲ್ಲಬೇಕು. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ಕೀಲಿ ಇಲ್ಲಿದೆ. ಅಲ್ಲಿ ಬರುವ ಎರಡು ಘಟನೆಗಳನ್ನು ಜೊತೆಯಾಗಿಯೇ ನೋಡಬೇಕು. ಮೊದಲನೆಯದು ಕ್ರಿ.ಪೂ. 406ರದು. ಆರ್ಗಿನೂಸೈ ದ್ವೀಪಗಳ ಬಳಿ ಅಥೆನ್ಸಿನ ನೌಕಾಪಡೆ ಸ್ಪಾರ್ಟಾದವರನ್ನು ಸೋಲಿಸಿತು. ಆದರೆ ಮುರಿದ ಹಡಗುಗಳ ನಾವಿಕರನ್ನು ಸೇನಾಪತಿಗಳು ರಕ್ಷಿಸಲಿಲ್ಲವೆಂದು, ಬಿರುಗಾಳಿಯೇ ಅಡ್ಡಿಯಾಯಿತೆಂಬ ಅವರ ಸಮಜಾಯಿಷಿಯನ್ನು ಕೇಳದೆ, ಸಭೆ ಕೆರಳಿತು. ಎಲ್ಲರಿಗೂ ಒಟ್ಟಾಗಿ ಒಂದೇ ಮತದಲ್ಲಿ ತೀರ್ಪು ಕೊಡಬೇಕೆಂಬ ಸೂಚನೆ ಬಂದಿತು. ಅದು ಕಾನೂನಿಗೆ ವಿರುದ್ಧವಾಗಿತ್ತು. ಆ ದಿನ ಸಭೆಯನ್ನು ನಡೆಸುವ ಸರದಿ 500 ಜನರ ಮಂಡಳಿಯಲ್ಲಿದ್ದ ಸಾಕ್ರೆಟೀಸನ ಬುಡಕಟ್ಟಿನ ಐವತ್ತು ಮಂದಿಯದಾಗಿತ್ತು, ಅವರಲ್ಲಿ ಅವನೊಬ್ಬನೇ ಒಪ್ಪಲಿಲ್ಲ. ಆರು ಸೇನಾಪತಿಗಳಿಗೆ ಮರಣದಂಡನೆಯಾಯಿತು. ಜನ ಆಮೇಲೆ ಪಶ್ಚಾತ್ತಾಪಪಟ್ಟರು. ಇತಿಹಾಸಕಾರ ಕ್ಸೆನೊಫೋನನ ‘ಹೆಲೆನಿಕಾ’ದ ಮೊದಲ ಸಂಪುಟದಲ್ಲಿ ಈ ಪ್ರಸಂಗ ವಿಸ್ತಾರವಾಗಿದೆ. ಜನರಿಗೆ ಇಷ್ಟಬಂದದ್ದನ್ನು ಮಾಡಲು ಬಿಡದಿರುವುದು ಘೋರವೆಂದು ಗುಂಪು ಕೂಗಿದ್ದನ್ನು ಅಲ್ಲಿಯೇ ಓದಬಹುದು.

ಎರಡನೆಯ ಘಟನೆ ನಡೆದದ್ದು ಪ್ರಜಾಪ್ರಭುತ್ವ ಉರುಳಿ ಮೂವತ್ತು ಮಂದಿಯ ಕ್ರೂರ ಆಳ್ವಿಕೆಯಿದ್ದಾಗ, ಕ್ರಿ.ಪೂ. 404–403ರಲ್ಲಿ. ಸಾಲಮಿಸ್ ದ್ವೀಪದ ಲಿಯೋನ್ ಎಂಬವನನ್ನು ಕೊಲ್ಲಲು ಹಿಡಿದು ತರುವಂತೆ ಐವರಿಗೆ ಆಜ್ಞೆಯಾಯಿತು. ನಾಲ್ವರು ಸಾಲಮಿಸ್‌ಗೆ ಹೋದರು, ಸಾಕ್ರೆಟೀಸ್ ಮನೆಗೆ ಹೋದ. ಜನರ ಆಳ್ವಿಕೆಗೂ ಮೂವತ್ತು ಮಂದಿಯ ಆಳ್ವಿಕೆಗೂ ಅವನು ಒಂದೇ ಅಳತೆಗೋಲು ಹಿಡಿದ ಎಂಬುದು ಗೊತ್ತಾದ ಮೇಲೆ, ಅವನನ್ನು ಪ್ರಜಾಪ್ರಭುತ್ವದ ಶತ್ರುವೆಂದು ಸಲೀಸಾಗಿ ಹೇಳಲು ಬಾಯಿ ಬರುವುದಿಲ್ಲ. ಮೂವತ್ತು ಮಂದಿಯ ಮುಖಂಡ ಕ್ರಿಟಿಯಾಸ್ ಹಿಂದೆ ಅವನ ಒಡನಾಡಿಯಾಗಿದ್ದನೆಂಬುದನ್ನೂ ಮರೆಯಬಾರದು. ತೀರ್ಪು ಕೊಡಲು ಕುಳಿತವರು ಅದನ್ನು ಮರೆತಿರಲಾರರು.

ಹೀಗಾಗಿ ಅವನು ಆರಿಸಿಕೊಂಡ ಕೆಲಸ ಸಭೆಯಲ್ಲಿ ಭಾಷಣ ಮಾಡುವುದಲ್ಲ, ಸಭೆಗೆ ಹೋಗಿ ಮತ ಹಾಕುವವರನ್ನು ಒಬ್ಬೊಬ್ಬರಾಗಿ ಪೇಟೆಯಲ್ಲಿ ನಿಲ್ಲಿಸಿ ಪ್ರಶ್ನಿಸುವುದು. ದೊಡ್ಡದಾಗಿ ಬೆಳೆದು ಮೈಭಾರದಿಂದ ಮಂದವಾದ ಜಾತಿಕುದುರೆಯನ್ನು ಕಚ್ಚಿ ಎಬ್ಬಿಸುವ ನೊಣಕ್ಕೆ ಅವನು ತನ್ನನ್ನು ಹೋಲಿಸಿಕೊಳ್ಳುವುದು ಈ ಅರ್ಥದಲ್ಲಿ.

ಎದುರು ವಾದವನ್ನೂ ಓದದೆ ಮುಂದೆ ಹೋಗಬೇಡಿ. ಅದು ಪ್ಲೇಟೋನ ‘ಪ್ರೊಟಾಗೊರಸ್’ ಸಂವಾದದಲ್ಲಿದೆ. ಹಡಗು ಕಟ್ಟುವ ವಿಷಯಕ್ಕೆ ಹಡಗಿನ ಬಡಗಿಯ ಮಾತನ್ನಷ್ಟೇ ಕೇಳುವ ಅಥೆನ್ಸಿನವರು ರಾಜ್ಯದ ವಿಷಯ ಬಂದಾಗ ಕಮ್ಮಾರ, ಚಮ್ಮಾರ, ಬಡವ, ಬಲ್ಲಿದ ಎಲ್ಲರ ಮಾತನ್ನೂ ಏಕೆ ಕೇಳುತ್ತಾರೆ ಎಂಬುದು ಅಲ್ಲಿ ಸಾಕ್ರೆಟೀಸನ ಪ್ರಶ್ನೆ. ಊರೂರು ತಿರುಗಿ ಪಾಠ ಹೇಳುತ್ತಿದ್ದ ಪ್ರೊಟಾಗೊರಸ್ ಒಂದು ಕಥೆಯ ಮೂಲಕ ಉತ್ತರಿಸುತ್ತಾನೆ: ಕಸುಬುಗಳನ್ನು ಕೆಲವರಿಗಷ್ಟೇ ಹಂಚಲಾಗಿತ್ತು, ಆದರೆ ಲಜ್ಜೆಯನ್ನೂ ನ್ಯಾಯಬುದ್ಧಿಯನ್ನೂ ಎಲ್ಲರಿಗೂ ಕೊಡುವಂತೆ ಜ್ಯೂಸ್ ದೇವ ಅಪ್ಪಣೆ ಮಾಡಿದ, ಅವಿಲ್ಲದೆ ಊರೇ ನಿಲ್ಲುತ್ತಿರಲಿಲ್ಲ. ಪ್ರಜಾಪ್ರಭುತ್ವದ ಪರವಾಗಿ ಗ್ರೀಕರಿಂದ ಉಳಿದುಬಂದ ಅತ್ಯಂತ ಗಂಭೀರ ಸಮರ್ಥನೆಗಳಲ್ಲಿ ಇದೊಂದು.

‘ರಿಪಬ್ಲಿಕ್’ಗೆ ಈಗ ಬರಬಹುದು. ಆರನೆಯ ಭಾಗದ ಹಡಗಿನ ರೂಪಕವನ್ನು ನಿಧಾನವಾಗಿ ಓದಿರಿ. ಹಡಗಿನ ಒಡೆಯ ಬಲಶಾಲಿ, ಆದರೆ ಕಿವಿ ಮಂದ, ಕಣ್ಣು ಮಂದ. ಚುಕ್ಕಾಣಿಗಾಗಿ ನಾವಿಕರು ಕಿತ್ತಾಡುತ್ತಾರೆ, ನಕ್ಷತ್ರಗಳನ್ನು ಬಲ್ಲ ನಿಜವಾದ ಚುಕ್ಕಾಣಿಗನನ್ನು ಕೆಲಸಕ್ಕೆ ಬಾರದವನೆಂದು ಹಳಿಯುತ್ತಾರೆ. ಒಡೆಯನೆಂದರೆ ಜನತೆ, ಅವನು ದುಷ್ಟನೆಂದು ಪ್ಲೇಟೋ ಎಲ್ಲಿಯೂ ಹೇಳುವುದಿಲ್ಲ ಎಂಬುದನ್ನು ಗುರುತಿಸಿಕೊಳ್ಳಿ.

ಅರಿಸ್ಟಾಟಲನ ‘ಪಾಲಿಟಿಕ್ಸ್’ನಲ್ಲಿ ಸದ್ಯಕ್ಕೆ ಮೂರನೆಯ ಭಾಗದ ಹನ್ನೊಂದನೆಯ ಅಧ್ಯಾಯ ಸಾಕು. ಹಲವರು ಕೂಡಿ ತಂದ ಊಟ ಒಬ್ಬನ ಖರ್ಚಿನ ಊಟಕ್ಕಿಂತ ಮೇಲಾಗಬಹುದು, ಅಡುಗೆಯ ರುಚಿಯನ್ನು ಬಾಣಸಿಗನಿಗಿಂತ ಉಣ್ಣುವವನು ಚೆನ್ನಾಗಿ ಹೇಳಬಲ್ಲ ಎಂಬ ಮಾತುಗಳು ಪ್ಲೇಟೋನ ಹಡಗಿಗೆ ಕೊಟ್ಟ ಉತ್ತರದಂತಿವೆ. ಇದನ್ನು ಬರೆದವನು ಸ್ಟಗೈರಾ ಊರಿನವನು, ಅಥೆನ್ಸಿನ ಸಭೆಯಲ್ಲಿ ಮತ ಹಾಕುವ ಹಕ್ಕೇ ಇಲ್ಲದವನು.

ಇಷ್ಟಾದ ಮೇಲೆ ಮತ್ತೆ ‘ಅಪಾಲಜಿ’ಯ ಕೊನೆಯ ಪುಟವನ್ನು ತೆರೆಯಿರಿ. ಸಾಕ್ರೆಟೀಸ್ ತನ್ನ ವಿರುದ್ಧ ಮತ ಹಾಕಿದವರಲ್ಲಿ ಒಂದು ಬೇಡಿಕೆ ಇಡುತ್ತಾನೆ: ತನ್ನ ಮಕ್ಕಳು ದೊಡ್ಡವರಾದಾಗ ಸದ್ಗುಣಕ್ಕಿಂತ ಹಣಕ್ಕೆ ಹೆಚ್ಚು ಬೆಲೆ ಕೊಟ್ಟರೆ, ತಾನು ಅವರನ್ನು ಕಾಡಿದಂತೆಯೇ ಅವರೂ ಆ ಮಕ್ಕಳನ್ನು ಕಾಡಬೇಕು. ಅವನು ತನ್ನ ಕೆಲಸವನ್ನು ಅಲ್ಲಿ ಒಪ್ಪಿಸಿದ್ದು ಪ್ಲೇಟೋನಿಗಲ್ಲ, ತನಗೆ ಮರಣದಂಡನೆ ವಿಧಿಸಿದ ನಾಗರಿಕರಿಗೆ.