ಝೂಗಳಲ್ಲಿ ಮಾಂಸಾಹಾರಿ ಎಣಿಕೆ: ಕೂತೇ 22 ಮುಟ್ಟಿದ ಬಗೆ

ಮೈಸೂರಿನ ನಾವು ಐದು ಜನ ಒಂದು ವರ್ಷದ ಪಂದ್ಯ ಕಟ್ಟಿಕೊಂಡಿದ್ದೆವು. ಯಾವ ಝೂಗೆ ಬೇಕಾದರೂ ಹೋಗಬಹುದು, ಮಾಂಸಾಹಾರಿ ಗಣದ (ಬೆಕ್ಕು, ನಾಯಿ, ಕರಡಿ, ಪುನುಗು, ಮುಂಗುಸಿಗಳೆಲ್ಲ ಸೇರುವ ಕಾರ್ನಿವೋರಾ) ಪ್ರಭೇದ ಕಣ್ಣಾರೆ ಕಂಡರೆ ಒಂದು ಅಂಕ. ಪ್ರಾಣಿಯದೊಂದು, ಬೋರ್ಡಿನದೊಂದು ಫೋಟೊ ಸಾಕ್ಷಿ. ಒಂದೊಂದು ಆವರಣದ ಮುಂದೆ ನಲವತ್ತು ನಿಮಿಷ ಕೂರುತ್ತೇನೆ ಅಂದಾಗ ನಾಲ್ವರೂ ತಲೆ ಅಲ್ಲಾಡಿಸಿದರು. ಬೆಳಿಗ್ಗೆ ಎಂಟೂವರೆಗೆ ಗೇಟು ತೆಗೆದ ಕೂಡಲೇ ನುಗ್ಗಿ ಇಡೀ ಝೂ ಸುತ್ತಬೇಕು ಅನ್ನುವುದು ಅವರ ಲೆಕ್ಕ. ವರ್ಷದ ಕೊನೆಗೆ ನನ್ನದು 22, ಎರಡನೆಯವರದು 19, ಉಳಿದವರು 17ರ ಆಸುಪಾಸು.

ಪಂದ್ಯ ಕಟ್ಟುವವರು ನಿಯಮವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಬಿಳಿ ಹುಲಿ ಹುಲಿಯೇ, ಕರಿಚಿರತೆ ಚಿರತೆಯೇ, ಗಿರ್ ಸಿಂಹಕ್ಕೂ ಆಫ್ರಿಕಾದ್ದಕ್ಕೂ ಸೇರಿ ಒಂದೇ ಅಂಕ. ಮೊಸಳೆ, ಹದ್ದು ಮಾಂಸ ತಿಂದರೂ ಈ ಗಣದವಲ್ಲ. ಗೆದ್ದಲು ತಿನ್ನುವ ಕರಡಿ, ಹಣ್ಣು ತಿನ್ನುವ ಮರಬೆಕ್ಕು ಗಣದವೇ. ಎರಡನೆಯವರು ಡಾರ್ಜಿಲಿಂಗಿಗೆ ಹೋಗಿಬಂದರು, ಮೂವತ್ತು ಸಾವಿರದ ಹತ್ತಿರ ಖರ್ಚು. ಹಿಮಚಿರತೆ, ಕೆಂಪು ಪಾಂಡಾ ಅಂಕ ಕೊಟ್ಟವು. ಟಿಬೆಟ್ ತೋಳ, ನಮ್ಮ ತೋಳ ಎರಡೂ ಒಂದೇ ಪ್ರಭೇದದ ಉಪಪ್ರಭೇದಗಳಾದ್ದರಿಂದ ಮೂರನೆಯದು ಬಿದ್ದುಹೋಯಿತು.

ನನಗೆ ಇಡೀ ವರ್ಷಕ್ಕೆ ಹನ್ನೊಂದು-ಹನ್ನೆರಡು ಸಾವಿರ ಆಗಿರಬೇಕು. ಮೈಸೂರು ಝೂ ಟಿಕೆಟ್ ಆಗ ನೂರು ರೂಪಾಯಿ ಚಿಲ್ಲರೆ, ಹದಿನಾಲ್ಕು ಸಲವಾದರೂ ಹೋಗಿದ್ದೇನೆ. ಹಾಳಾದ ದುಡ್ಡು ಅಂದರೆ ಸಫಾರಿ ಬಸ್ಸಿನದು. ಬನ್ನೇರುಘಟ್ಟ, ಶಿವಮೊಗ್ಗದ ತ್ಯಾವರೆಕೊಪ್ಪ ಎರಡೂ ಕಡೆ ಸಫಾರಿಗೆ ಕೊಟ್ಟು ಹುಲಿ, ಸಿಂಹ ನೋಡಿ ಬಂದೆ. ಅವೆರಡೂ ಊರಲ್ಲೇ ಆಗಿಹೋಗಿದ್ದವು, ಒಂದು ಅಂಕವೂ ಏರಲಿಲ್ಲ. ಬಸ್ಸು ನಿಮಗಾಗಿ ನಿಲ್ಲುವುದೂ ಇಲ್ಲ. ಆ ದುಡ್ಡನ್ನು ಸಣ್ಣ ಪ್ರಾಣಿಗಳಿರುವ ಸಾಲಿಗೆ ಎರಡನೇ ದಿನದ ಟಿಕೆಟ್ಟಿಗೆ ಇಡಿ. ಮೈಸೂರಲ್ಲಿ ಬ್ಯಾಟರಿ ಗಾಡಿಯೂ ಈ ಕೆಲಸಕ್ಕಾಗದು.

ರಜೆ ನೋಡಿಕೊಂಡು ರೂಟು ಹಾಕಿ. ಮೈಸೂರು, ಬನ್ನೇರುಘಟ್ಟ, ಚೆನ್ನೈನ ವಂಡಲೂರು ಮಂಗಳವಾರ ಮುಚ್ಚಿರುತ್ತವೆ. ಮಂಗಳೂರಿನ ಪಿಲಿಕುಳಕ್ಕೂ ಹೈದರಾಬಾದಿಗೂ ಸೋಮವಾರ ರಜೆ, ಹಾಗಾಗಿ ಮಂಗಳವಾರಕ್ಕೆ ಪಿಲಿಕುಳ ಹೇಳಿ ಮಾಡಿಸಿದ್ದು. ವಂಡಲೂರಿಗೆ ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ಸು, ಸೆಂಟ್ರಲ್‌ನಲ್ಲಿ ಇಳಿದು ಎದುರಿನ ಪಾರ್ಕ್ ಸ್ಟೇಷನ್ನಿಂದ ಚೆಂಗಲ್ಪಟ್ಟು ಕಡೆಯ ಲೋಕಲ್. ತಾಂಬರಂಗೇ ನಿಲ್ಲುವ ಗಾಡಿ ಹತ್ತಬೇಡಿ.

ಇನ್ನು ಕೂರುವ ವಿಷಯ. ಮಧ್ಯಾಹ್ನ ಮೂರೂವರೆಯಿಂದ ಐದೂಕಾಲು, ಈ ಹೊತ್ತೇ ನನ್ನ ಬಂಡವಾಳ. ಹಗಲೆಲ್ಲ ಗುಡ್ಡೆಯ ಹಿಂದೆ ಬಿದ್ದುಕೊಂಡ ಪ್ರಾಣಿ ರಾತ್ರಿಮನೆಯ ಬಾಗಿಲ ಕಡೆಗೆ ತಾನೇ ಬರುತ್ತದೆ, ಏಕೆಂದರೆ ಊಟ ಅಲ್ಲಿದೆ. ಬಕೆಟ್ ಸದ್ದು, ಬೀಗದ ಕೈ ಸದ್ದಿಗೆ ಕಿವಿ ಮೊದಲು ತಿರುಗುತ್ತದೆ. ಹುಲ್ಲಲ್ಲಿ ಮೈ ಹುಡುಕಬೇಡಿ, ಕಿವಿ ಹುಡುಕಿ. ಅನೇಕ ಝೂಗಳಲ್ಲಿ ದೊಡ್ಡ ಬೆಕ್ಕುಗಳಿಗೆ ವಾರಕ್ಕೊಂದು ದಿನ ಮಾಂಸ ಹಾಕುವುದಿಲ್ಲ, ಸಾಮಾನ್ಯವಾಗಿ ಅದು ರಜೆಯ ದಿನ. ರಜೆಯ ಮರುದಿನ, ಅಂದರೆ ಬುಧವಾರ ಸಂಜೆ, ನಾನು ಕಂಡಷ್ಟು ಓಡಾಟ ಬೇರೆ ದಿನ ಕಂಡಿಲ್ಲ. ಜಾಗ್ವಾರ್ ಸಿಕ್ಕಿದ್ದು ಅಂಥ ಬುಧವಾರವೇ. ಅದರ ಮೈಯ ಉಂಗುರದೊಳಗೆ ಚುಕ್ಕಿ ಇರಬೇಕು, ಚಿರತೆಗೆ ಉಂಗುರ ಖಾಲಿ. ಚೀತಾಗೆ ಉಂಗುರವೇ ಇಲ್ಲ, ಬರೀ ಗಟ್ಟಿ ಚುಕ್ಕಿ, ಕಣ್ಣಿಂದ ಬಾಯಿಗೆ ಕಪ್ಪು ಗೆರೆ. ಮೈಸೂರಿಗೆ 2020ರಲ್ಲಿ ದಕ್ಷಿಣ ಆಫ್ರಿಕಾದಿಂದ ಬಂದವು ಅವು.

ಅಂಕ ನಿಜವಾಗಿ ಏರುವುದು ಸಣ್ಣವುಗಳಲ್ಲಿ, ಸೋಲುವುದೂ ಅಲ್ಲೇ. ಪುನುಗು, ಚಿರತೆಬೆಕ್ಕು ಇವೆಲ್ಲ ರಾತ್ರಿಯವು, ಹಗಲು ಮರದ ಪೆಟ್ಟಿಗೆಯಲ್ಲೋ ಮೇಲಿನ ಹಲಗೆಯ ಮೂಲೆಯಲ್ಲೋ ಮುದುರಿಕೊಂಡಿರುತ್ತವೆ. ಕಾಣುವುದು ಬಾಲ ಮಾತ್ರ, ಅದರಲ್ಲೇ ಗುರುತು ಹಿಡಿಯಬೇಕು. ಬಾಲದ ತುಂಬ ಕಪ್ಪು-ಬಿಳಿ ಬಳೆ ಇದ್ದರೆ ಸಣ್ಣ ಪುನುಗು, ಬಳೆಯಿಲ್ಲದ ಉದ್ದ ಕಪ್ಪು ಬಾಲ ಮರಬೆಕ್ಕಿನದು. ಕಾಡುಬೆಕ್ಕಿನ ಬಾಲ ಗಿಡ್ಡ, ಬಳೆ ತುದಿಯ ಹತ್ತಿರ ಮಾತ್ರ. ಮುಂಗುಸಿಯ ಬಾಲದ ತುದಿ ಕಪ್ಪಾಗಿ ಮೇಲಕ್ಕೆ ಬಾಗಿದ್ದರೆ ಕೆಂಪು ಮುಂಗುಸಿ, ಇಲ್ಲವಾದರೆ ಸಾಮಾನ್ಯ ಬೂದು ಮುಂಗುಸಿಯೇ ಇರಬೇಕು. ಸೀಳುನಾಯಿಗೆ ಕೆಂಪು ಮೈ, ಪೊದೆಯಂಥ ಕಪ್ಪು ಬಾಲ, ನರಿ ಅಂತ ಬರೆದುಕೊಂಡು ಒಬ್ಬರು ಅಂಕ ಕಳೆದುಕೊಂಡರು.

ದುರ್ಬೀನು 8×32 (ಎಂಟು ಪಟ್ಟು ಹಿಗ್ಗಿಸುವ, 32 ಮಿ.ಮೀ. ಮಸೂರದ್ದು) ಸಾಕು. ಮೊದಲು 10×50 ತಂದು ಪೇಚಾಡಿದೆ. ಭಾರ, ಕೈ ನಡುಗುತ್ತದೆ, ಐದು ಮೀಟರಿಗಿಂತ ಹತ್ತಿರದ ಬೋನು ಅದರಲ್ಲಿ ಮಸುಕು. ಕೊಳ್ಳುವಾಗ ಎರಡು ಮೀಟರಿನಲ್ಲಿ ಫೋಕಸ್ ಆಗುತ್ತದೆಯೇ ಅಂತ ಅಂಗಡಿಯಲ್ಲೇ ನೋಡಿ. ಬಿಸಿಲು ಬಿದ್ದ ಜಾಲರಿಯ ಹಿಂದೆ ಏನೂ ಕಾಣದು, ಜಾಲರಿ ನೆರಳಿಗೆ ಬರುವ ಹೊತ್ತು ಕಾಯಿರಿ. ಗಾಜಿಗೆ ಕಪ್ಪು ಕೊಡೆ ಬಿಚ್ಚಿ ಬೆನ್ನ ಹಿಂದೆ ಹಿಡಿದರೆ ಪ್ರತಿಬಿಂಬ ಹೋಗುತ್ತದೆ.

ಬೋರ್ಡನ್ನು ನಂಬಬೇಡಿ. ಒಂದು ಝೂನಲ್ಲಿ ಪ್ರಾಣಿಯನ್ನು ಬೇರೆಡೆ ಸಾಗಿಸಿದ್ದರೂ ಬೋರ್ಡು ಹಾಗೇ ಇತ್ತು, ಒಂದೂವರೆ ಗಂಟೆ ಖಾಲಿ ಆವರಣ ಕಾಯ್ದೆ. ಈಗ ಮೊದಲು ಹುಡುಕುವುದು ತಾಜಾ ಲದ್ದಿ, ನೀರ ತೊಟ್ಟಿಯ ಅಂಚಿನ ಒದ್ದೆ ಹೆಜ್ಜೆ. ಎರಡೂ ಇಲ್ಲದಿದ್ದರೆ ಮುಂದಕ್ಕೆ.

ನಡುವೆ ಇನ್ನೊಂದು ಹುಚ್ಚು: ಗೋಡೆಗೆ ಹಾಕುವ ಥರ್ಮಾಮೀಟರ್ ಬ್ಯಾಗಲ್ಲಿಟ್ಟುಕೊಂಡು ಹೋದ ಸಲವೆಲ್ಲ ಬರೆದೆ. 32 ಡಿಗ್ರಿ ದಾಟಿದರೆ ಕರಡಿ, ಕತ್ತೆಕಿರುಬ ಎರಡೂ ನಾಲ್ಕೂವರೆವರೆಗೆ ನೆರಳು ಬಿಡಲಿಲ್ಲ. ಮೋಡದ ದಿನ ಮೂರಕ್ಕೇ ಹೊರಗೆ. ತೋಳಕ್ಕೆ ಮಾತ್ರ ಈ ಲೆಕ್ಕ ಕೂಡಿಬರಲಿಲ್ಲ.

ಚಿರತೆಬೆಕ್ಕು ಹಗಲಲ್ಲೇ ಎದ್ದು ಕೂರುವ ಆವರಣ, ಅಲ್ಲಿ ನಿಲ್ಲಬೇಕಾದ ಮೂಲೆ ನನಗೆ ಗೊತ್ತು. ಈ ವರ್ಷದ ಪಂದ್ಯ ಮುಗಿಯುವವರೆಗೆ ಅದನ್ನು ಹೇಳಲಾರೆ. ನನಗೆ ಬಾಕಿ ಇರುವುದರಲ್ಲಿ ಮೀನುಬೆಕ್ಕು ಮೊದಲನೆಯದು. ಅದಕ್ಕೆ ಬೇಸಿಗೆಗೆ ಮೊದಲೇ ಟಿಕೆಟ್ ಮಾಡಿಸಿದ್ದೇನೆ, ಸ್ಲೀಪರ್ ಕ್ಲಾಸು.