ಇಪ್ಪತ್ತು ನಿಮಿಷ, ಐದು ನೋಟ್‌ಬುಕ್: ಸರ್ಕಾರಿ ಶಾಲಾ ಶಿಕ್ಷಕರ ಕೆಲಸ ಅಳೆದ ಬಗೆ

ಶಿಕ್ಷಕರ ಕೆಲಸವನ್ನು ಎರಡು ಹಾಳೆಯಲ್ಲಿ ಅಳೆಯಲು ಆಗುವುದಿಲ್ಲ ಎಂದವರೇ ಹೆಚ್ಚು. ಬ್ಲಾಕ್ ಸಭೆಯಲ್ಲಿ ಮಾತೆತ್ತಿದಾಗ "ಇದೆಲ್ಲ ಖಾಸಗಿ ಶಾಲೆಗೆ ಸರಿ ಸರ್, ನಮ್ಮಲ್ಲಿ ನಡೆಯಲ್ಲ" ಎಂದರು. ಬೆಂಗಳೂರು ದಕ್ಷಿಣದ ನಮ್ಮ ಕ್ಲಸ್ಟರ್‌ನಲ್ಲಿ (ಅಕ್ಕಪಕ್ಕದ ಶಾಲೆಗಳ ಗುಂಪಿನಲ್ಲಿ) ಈಗ ಅದು ನಡೆಯುತ್ತಿದೆ, ಪಕ್ಕದ ಕ್ಲಸ್ಟರ್‌ನವರು ನಮೂನೆ ಜೆರಾಕ್ಸ್ ಮಾಡಿಸಿಕೊಂಡು ಹೋಗಿದ್ದಾರೆ. ಓದುವವರು ಕ್ಲಸ್ಟರ್, ಬ್ಲಾಕ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ, ಬಿಆರ್‌ಪಿ), ಮುಖ್ಯ ಶಿಕ್ಷಕರು ಎಂದುಕೊಂಡು ಬರೆಯುತ್ತಿದ್ದೇನೆ.

ಮೊದಲು ಕೈಕೊಟ್ಟ ದಾರಿಗಳು. ನಲವತ್ತಕ್ಕೂ ಹೆಚ್ಚು ಅಂಶಗಳಿದ್ದ ತರಗತಿ ವೀಕ್ಷಣಾ ನಮೂನೆ ಒಂದಿತ್ತು. ಯಾರು ಭರ್ತಿ ಮಾಡಿದರೂ ಎಲ್ಲ ಶಿಕ್ಷಕರಿಗೂ ನಾಲ್ಕಕ್ಕೆ ಮೂರರ ಆಸುಪಾಸು ಬೀಳುತ್ತಿತ್ತು. ಕಾರಣ ಸರಳ: ಅಷ್ಟು ಅಂಶ ತುಂಬುವವರ ಕಣ್ಣು ಪೂರ್ತಿ ಹಾಳೆಯ ಮೇಲಿರುತ್ತದೆ, ತರಗತಿಯ ಮೇಲಲ್ಲ. ಎರಡು ಹಾಕಿದರೆ ಸಮಜಾಯಿಷಿ ಬರೆಯಬೇಕು, ನಾಲ್ಕು ಹಾಕಿದರೆ "ಯಾಕೆ ಅಷ್ಟು" ಎಂದು ಕೇಳುತ್ತಾರೆ, ಮೂರು ಹಾಕಿದರೆ ಯಾರೂ ಏನೂ ಕೇಳುವುದಿಲ್ಲ. ಎನ್‌ಸಿಇಆರ್‌ಟಿಯ ಪಿಂಡಿಕ್ಸ್ ಎಂಬ ಶಿಕ್ಷಕರ ಮೌಲ್ಯಮಾಪನ ನಮೂನೆಯಲ್ಲಿ 7 ಮಾನದಂಡ, 4 ಹಂತ ಇವೆ. ಶಿಕ್ಷಕರು ಒಬ್ಬರೇ ಕೂತು ತಮ್ಮ ಕೆಲಸ ನೋಡಿಕೊಳ್ಳಲು ಅದು ಒಳ್ಳೆಯ ಸಾಧನ. ಅದೇ ಹಾಳೆ ಮೇಲಿನ ಕಚೇರಿಗೆ ಹೋಗುತ್ತದೆ ಎಂದು ಗೊತ್ತಾದ ದಿನವೇ ಎಲ್ಲರೂ 3, 4 ಬರೆಯಲು ಶುರು ಮಾಡುತ್ತಾರೆ.

ಹೇಳಿ ಹೋಗುವ ಭೇಟಿಯೂ ಉಪಯೋಗಕ್ಕೆ ಬರಲಿಲ್ಲ. ಗೋಡೆಗೆ ಹೊಸ ಚಾರ್ಟ್, ಮೇಜಿನ ಮೇಲೆ ಪಾಠೋಪಕರಣ, ಪ್ರಶ್ನೆ ಮುಗಿಯುವ ಮೊದಲೇ ಮಕ್ಕಳ ಉತ್ತರ. ಅರ್ಧ ಪ್ರಶ್ನೆಗೇ ಕೈ ಎತ್ತಿದರೆ ಆ ಪಾಠ ಹಿಂದಿನ ದಿನವೇ ಒಮ್ಮೆ ಆಗಿದೆ ಎಂದು ಅರ್ಥ.

ಅಂಕಗಳ ಕಥೆ ಇನ್ನೂ ಕಷ್ಟ. ಎಫ್‌ಎ, ಎಸ್‌ಎ ಎಂಬ ಶಾಲಾ ಪರೀಕ್ಷೆಗಳ ಅಂಕ ಹಾಕುವವರು ಅದೇ ಶಿಕ್ಷಕರು. ಅದನ್ನು ಅವರ ಮೌಲ್ಯಮಾಪನಕ್ಕೆ ಬಳಸಿದರೆ ಅಂಕ ಏರುತ್ತದೆ, ಓದು ಇದ್ದಲ್ಲೇ ಇರುತ್ತದೆ. ಹೊರಗಿನಿಂದ ಪರೀಕ್ಷೆ ಮಾಡಿ ಸರಾಸರಿ ಹೋಲಿಸಿದರೂ ಬೆಂಗಳೂರಿನಲ್ಲಿ ಲೆಕ್ಕ ನಿಲ್ಲುವುದಿಲ್ಲ. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಆಗಸ್ಟ್‌ನಲ್ಲಿ ಸೇರುತ್ತಾರೆ, ಸೈಟ್ ಮುಗಿದರೆ ಡಿಸೆಂಬರ್‌ನಲ್ಲೇ ಇರುವುದಿಲ್ಲ. 12 ಮಕ್ಕಳ ತರಗತಿಯಲ್ಲಿ 6 ಜನ ಕಥೆ ಓದುತ್ತಿದ್ದರೆ ಶೇ 50. ಓದುವ ಇಬ್ಬರು ಊರಿಗೆ ಹೋದರೆ 10ಕ್ಕೆ 4, ಶೇ 40. ಶಿಕ್ಷಕಿಯ ತಪ್ಪೇನೂ ಇಲ್ಲ, ಆದರೂ ಹಾಳೆಯ ಮೇಲೆ ಹತ್ತು ಅಂಶ ಕುಸಿತ. ಅಮೆರಿಕದಲ್ಲಿ ದೊಡ್ಡ ದೊಡ್ಡ ಗಣಿತ ಮಾದರಿ ಹೂಡಿ ಇದನ್ನೇ ಮಾಡಲು ಹೋದರು. ಮಕ್ಕಳ ಅಂಕಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಶಿಕ್ಷಕರಿಂದ ಬರುವ ಪಾಲು ಹೆಚ್ಚಿನ ಅಧ್ಯಯನಗಳ ಪ್ರಕಾರ ಶೇ 1ರಿಂದ 14 ಎಂದು ಅಲ್ಲಿನ ಸಂಖ್ಯಾಶಾಸ್ತ್ರಜ್ಞರ ಸಂಘವೇ 2014ರಲ್ಲಿ ಹೇಳಿತು. ಹನ್ನೆರಡು ಮಕ್ಕಳ ನಮ್ಮ ತರಗತಿಗೆ ಆ ದಾರಿ ಬೇಡವೇ ಬೇಡ.

ಈಗ ನಡೆಯುತ್ತಿರುವುದು ಹೀಗೆ.

ಯಾವ ಕಾಗದ ತೆಗೆಯುವ ಮೊದಲೂ ಹಾಜರಿ ಪುಸ್ತಕ ನೋಡಿ ಆ ಶಿಕ್ಷಕರು ಎಷ್ಟು ದಿನ ಓಓಡಿ (ಅನ್ಯ ಕರ್ತವ್ಯ) ಮೇಲೆ ಹೊರಗಿದ್ದರು ಎಂದು ಬರೆದುಕೊಳ್ಳಬೇಕು. ಶಿಕ್ಷಣ ಹಕ್ಕು ಕಾಯ್ದೆ 1ರಿಂದ 5ನೇ ತರಗತಿಗೆ ವರ್ಷಕ್ಕೆ 200 ದಿನ, 6ರಿಂದ 8ಕ್ಕೆ 220 ದಿನ ಎನ್ನುತ್ತದೆ. ಅದೇ ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗೆ ಮಾತ್ರ ಶಿಕ್ಷಕರನ್ನು ಬಳಸಬಹುದು ಎನ್ನುತ್ತದೆ. ತರಬೇತಿ, ಬಿಎಲ್‌ಒ (ಮತಗಟ್ಟೆ ಅಧಿಕಾರಿ) ಕೆಲಸ, ದಾಖಲೆ ಹಿಡಿದು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಓಡಾಟ ಎಲ್ಲ ಕೂಡಿಸಿದರೆ ಕೆಲವರಿಗೆ ಒಂದು ತಿಂಗಳ ಪಾಠವೇ ಹೋಗಿರುತ್ತದೆ. ಈ ಸಂಖ್ಯೆ ಹಾಳೆಯ ಮೇಲ್ತುದಿಯಲ್ಲಿ ಇಲ್ಲದಿದ್ದರೆ ಕೆಳಗಿನದೆಲ್ಲ ಅನ್ಯಾಯ. ಮೂರು ತರಗತಿ ಒಬ್ಬರೇ ನೋಡಿಕೊಂಡು ಪ್ರಭಾರಿ ಮುಖ್ಯ ಶಿಕ್ಷಕಿಯೂ ಆಗಿರುವವರನ್ನು, ಒಂದೇ ವಿಷಯ ಹೇಳಿಕೊಡುವವರ ಪಕ್ಕದಲ್ಲಿಟ್ಟು ತೂಗುವುದು ನನಗೆ ಒಪ್ಪಿಗೆಯಿಲ್ಲ. ಅವರಿಗೆ ಬೇರೆ ಹಾಳೆಯನ್ನೇ ಇಟ್ಟಿದ್ದೇವೆ.

ತರಗತಿಯಲ್ಲಿ ಕೂರುವುದು ಇಪ್ಪತ್ತು ನಿಮಿಷ, ಹೇಳದೆ. ನಲವತ್ತು ನಿಮಿಷ ಒಮ್ಮೆ ಕೂರುವುದಕ್ಕಿಂತ ಮೂರ್ನಾಲ್ಕು ವಾರ ಬಿಟ್ಟು ಇಪ್ಪತ್ತಿಪ್ಪತ್ತು ನಿಮಿಷ ಎರಡು ಸಲ ಕೂತರೆ ನಿಜ ಹೆಚ್ಚು ಗೊತ್ತಾಗುತ್ತದೆ. ಪ್ರಾರ್ಥನೆ, ಹಾಲು ಹಂಚಿಕೆ ಮುಗಿಯುವವರೆಗಿನ ಸಮಯ ಬೇಡ. ಶನಿವಾರ ಬೇಡ, ರಜೆಯ ಮರುದಿನ ಬೇಡ. ಬಿಸಿಯೂಟದ ನಂತರದ ಅವಧಿ ಅತ್ಯುತ್ತಮ, ಏಕೆಂದರೆ ಸುಸ್ತಾದ ಮಕ್ಕಳನ್ನು ಹಿಡಿದಿಡುವುದು ನಿಜವಾದ ಕಸುಬು. ನಲಿಕಲಿ ಕೊಠಡಿಯಲ್ಲಿ (ಸಣ್ಣ ತರಗತಿಗಳ ಮಕ್ಕಳು ಗುಂಪುಗಳಲ್ಲಿ ಕೂತು ಕಾರ್ಡ್‌ಗಳಿಂದ ಕಲಿಯುವಲ್ಲಿ) ಶಿಕ್ಷಕಿ ತಮ್ಮ ನೆರವು ಬೇಕಾದ ಒಂದನೇ ತಟ್ಟೆಯ, ಅಂದರೆ ಗುಂಪಿನ, ಮಕ್ಕಳ ಜೊತೆ ಕೂತಿರುತ್ತಾರೆ, ನಾವು ತಾವೇ ಕಲಿಯುವ ಐದನೇ ತಟ್ಟೆಯ ಪಕ್ಕ ನೆಲದ ಮೇಲೆ ಕೂರಬೇಕು. ಸ್ವಕಲಿಕೆಯ ಮಕ್ಕಳು ಕಾರ್ಡ್ ತೆಗೆದು ಕೆಲಸ ಮಾಡುತ್ತಿದ್ದಾರೋ, ಪೆನ್ಸಿಲ್ ಚೂಪು ಮಾಡುತ್ತಾ ಕೂತಿದ್ದಾರೋ ಎನ್ನುವುದರಲ್ಲೇ ಆ ಕೊಠಡಿಯ ವ್ಯವಸ್ಥೆ ಅರ್ಧ ಗೊತ್ತಾಗುತ್ತದೆ.

ಎರಡು ನಿಮಿಷಕ್ಕೊಮ್ಮೆ ತಲೆ ಎತ್ತಿ ಒಂದು ಗೀಟು. ಶಿಕ್ಷಕರ ಮಾತು, ಒಬ್ಬ ಮಗುವಿನ ಮಾತು, ಒಕ್ಕೊರಲು, ಓದು-ಬರಹ, ಬೋರ್ಡ್ ನೋಡಿ ನಕಲು, ಖಾಲಿ, ಹೀಗೆ ಆರು ಕಾಲಂ. ಇಪ್ಪತ್ತು ನಿಮಿಷಕ್ಕೆ ಹತ್ತು ಗೀಟು. ಅಮೆರಿಕದ ಸಂಶೋಧಕಿ ಜೇನ್ ಸ್ಟಾಲಿಂಗ್ಸ್ ರೂಪಿಸಿದ ತರಗತಿ ವೀಕ್ಷಣಾ ವಿಧಾನದಲ್ಲೂ ಒಂದು ತರಗತಿಗೆ ಹತ್ತು ನೋಟಗಳೇ, ನಾವು ಅದನ್ನು ನಮ್ಮ ಕೊಠಡಿಗೆ ಇಳಿಸಿಕೊಂಡೆವು. ಒಕ್ಕೊರಲಿಗೆ ಬೇರೆ ಕಾಲಂ ಇರಲೇಬೇಕು. ಇಲ್ಲದಿದ್ದರೆ "ಹೌದು ಮಿಸ್" ಎಂದು ಮೂವತ್ತು ಮಕ್ಕಳು ಕೂಗಿದ್ದು ಮಕ್ಕಳ ಭಾಗವಹಿಸುವಿಕೆ ಎಂದು ಲೆಕ್ಕಕ್ಕೆ ಬಂದುಬಿಡುತ್ತದೆ.

ಹಾಳೆಯ ಹಿಂಬದಿಯಲ್ಲಿ ಮಕ್ಕಳು ಕೂತಿರುವ ನಕ್ಷೆ, ಪ್ರತಿ ಮಗುವಿಗೆ ಒಂದು ಚೌಕ. ಶಿಕ್ಷಕರು ಯಾರನ್ನು ಹೆಸರು ಹಿಡಿದು ಕೇಳುತ್ತಾರೋ ಆ ಚೌಕದಲ್ಲಿ ಚುಕ್ಕೆ. ಮೂವತ್ತು ಮಕ್ಕಳಲ್ಲಿ ಚುಕ್ಕೆ ಬೀಳುವುದು ಸಾಮಾನ್ಯವಾಗಿ ಆರೇಳು ಚೌಕಗಳಲ್ಲಿ: ಮುಂದಿನ ಸಾಲು, ಆಮೇಲೆ ನಡುವಿನ ಸಾಲಿನ ಉದ್ದಕ್ಕೆ. ಕಿಟಕಿ ಪಕ್ಕದ ಹಿಂದಿನ ಮೂಲೆ ಪೂರ್ತಿ ಬಿಳಿ. ಇದನ್ನು ಮಾತಿನಲ್ಲಿ ಹೇಳಿದರೆ ವಾದವಾಗುತ್ತದೆ. ನಕ್ಷೆ ಕೈಗಿತ್ತು ಸುಮ್ಮನೆ ಕೂತರೆ ಶಿಕ್ಷಕರೇ "ಅಯ್ಯೋ, ಆ ಕಡೆ ಕೇಳೇ ಇಲ್ವಲ್ಲ" ಎನ್ನುತ್ತಾರೆ, ಮುಂದಿನ ಭೇಟಿಗೆ ಚುಕ್ಕೆಗಳು ತಾವಾಗಿ ಹರಡಿರುತ್ತವೆ. ಇಡೀ ವಿಧಾನದಲ್ಲಿ ಇಷ್ಟು ಬೇಗ ಫಲ ಕೊಟ್ಟಿದ್ದು ಮತ್ತೊಂದಿಲ್ಲ. ಇದು ನಮ್ಮ ಕ್ಲಸ್ಟರ್‌ನ ಹೆಮ್ಮೆ ಎಂದೇ ಹೇಳುತ್ತೇನೆ.

ನೋಟ್‌ಬುಕ್ ಐದು, ಹಾಜರಿ ಕ್ರಮಸಂಖ್ಯೆಯಿಂದ ನಾವೇ ಆರಿಸಬೇಕು. ಶಿಕ್ಷಕರು ತಂದುಕೊಡುವ ಐದು ಯಾವಾಗಲೂ ಅದೇ ಐದು. ಕೊನೆಯ ತಿದ್ದುಪಡಿಯ ದಿನಾಂಕ ಮೊದಲು. ಐದರಲ್ಲೂ ಅಕ್ಷರ ಬಿಡದೆ ಅದೇ ವಾಕ್ಯಗಳಿದ್ದರೆ ಅದು ಬೋರ್ಡಿನ ನಕಲು, ಅಲ್ಲಿ ಮಗುವಿನ ಬರಹ ಇಲ್ಲ. ಮುಖ್ಯವಾದದ್ದು ತಪ್ಪಿನ ಮುಂದಿನ ಪುಟ. ಗಣಿತದಲ್ಲಿ 52ರಿಂದ 27 ಕಳೆದು 35 ಎಂದು ಬರೆದ ಮಗು, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ, ದಶಕ ಬಿಡಿಸಿಲ್ಲ. ಕೆಂಪು ಶಾಯಿಯಲ್ಲಿ 25 ಎಂದು ಬರೆದು ಪುಟ ತಿರುಗಿಸಿದ್ದರೆ ಕೆಲಸ ಅಲ್ಲಿಗೇ ನಿಂತಿದೆ. ಮರುದಿನದ ಪುಟದಲ್ಲಿ ಕಡ್ಡಿಕಟ್ಟಿನ ಚಿತ್ರದೊಂದಿಗೆ ಅದೇ ಬಗೆಯ ಮೂರು ಲೆಕ್ಕ ಇದ್ದರೆ ಆ ಶಿಕ್ಷಕಿಗೆ ನಾಲ್ಕನೇ, ಅಂದರೆ ಅತಿ ಮೇಲಿನ ಹಂತ, ಮಾತೇ ಇಲ್ಲ. ಕನ್ನಡದಲ್ಲಿ ಒತ್ತಕ್ಷರ ಬಿಟ್ಟಿದ್ದು, "ಹಾಲು" ಬದಲು "ಆಲು" ಬರೆದಿದ್ದು, ಅದರ ಮೇಲೆ ಸರಿ ಗುರುತು ಬಿದ್ದಿದ್ದು, ಇವನ್ನು ಎಣಿಸಬೇಕು. ಯಾವ ಪುಟದಿಂದ ತೆರೆಯಬೇಕು ಎನ್ನುವುದಕ್ಕೆ ನಮ್ಮದೊಂದು ಕ್ರಮವಿದೆ, ಅದು ನಮ್ಮಲ್ಲೇ ಇರಲಿ.

ಓದು ಒಂದೊಂದು ನಿಮಿಷ. ಹಿಂದಿನ ತರಗತಿಯ ಪುಸ್ತಕದಿಂದ, ಪ್ರತಿ ಸಲ ಬೇರೆ ಪುಟ. ಅಕ್ಷರ, ಪದ, ವಾಕ್ಯ, ಕಥೆ ಎಂಬ ನಾಲ್ಕು ಮಟ್ಟ ಸಾಕು. ಪಕ್ಕದಲ್ಲಿ ಮನೆಮಾತು, ಶಾಲೆಗೆ ಸೇರಿದ ತಿಂಗಳು. ತೆಲುಗು, ತಮಿಳು, ಉರ್ದು, ಹಿಂದಿ ಮನೆಮಾತಿನ ಮಗು ಪದದಿಂದ ವಾಕ್ಯಕ್ಕೆ ಬಂದಿದ್ದರೆ ಅದಕ್ಕೆ ಬೇರೆ ತೂಕ. ಸೇತುಬಂಧ (ವರ್ಷದ ಮೊದಲಿನ ಮರುಕಲಿಕೆ) ಮುಗಿದ ಮೇಲೆ ಜುಲೈ ಕೊನೆಗೆ ಒಂದು ಸುತ್ತು, ಜನವರಿಯಲ್ಲಿ ಇನ್ನೊಂದು. ಎರಡರಲ್ಲೂ ಇದ್ದ ಮಕ್ಕಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಕು. ಜನವರಿಗೆ ಐದು ಮಕ್ಕಳು ಉಳಿಯಬೇಕಾದರೆ ಜುಲೈನಲ್ಲಿ ಎಂಟೊಂಬತ್ತು ಮಕ್ಕಳನ್ನು ತೆಗೆದುಕೊಳ್ಳಿ, ಹೊರವಲಯದ ಶಾಲೆಯಾದರೆ ಹತ್ತು. ದ್ವಿಭಾಷಾ ಮಾಧ್ಯಮದ ತರಗತಿಯಲ್ಲಿ ಎರಡೂ ಭಾಷೆಯಲ್ಲಿ ಓದಿಸಬೇಕು, ಸಮಯ ದುಪ್ಪಟ್ಟು ಹಿಡಿಯುತ್ತದೆ.

ಅಂಕ ಹಾಕುವುದು ಐದೇ ಅಂಶಕ್ಕೆ, ನಾಲ್ಕು ಹಂತ, ಅರ್ಧ ಅಂಕ ಇಲ್ಲ. ಪ್ರತಿ ಅಂಕದ ಪಕ್ಕ ಕಂಡದ್ದನ್ನು ಒಂದು ಸಾಲು ಬರೆಯಬೇಕು: "ಚುಕ್ಕೆ 7 ಮಕ್ಕಳಿಗೆ", "ಕೊನೆಯ ತಿದ್ದುಪಡಿ ಮೂರು ವಾರದ ಹಿಂದೆ". ಸಾಲು ಬರೆಯಲು ಆಗದಿದ್ದರೆ ಅಂಕವೂ ಇಲ್ಲ. ಇಬ್ಬರು ಒಟ್ಟಿಗೆ ಕೂತು, ಮಾತಾಡದೆ ಬರೆದು, ಆಮೇಲೆ ಹೋಲಿಸಿದಾಗ ಮೊದಮೊದಲು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಅಂಶಗಳಲ್ಲಿ ಮಾತ್ರ ಒಂದೇ ಅಂಕ ಬರುತ್ತಿತ್ತು. ಎರಡನೇ ಹಂತಕ್ಕೂ ಮೂರಕ್ಕೂ ನಡುವಿನ ಗೆರೆಯನ್ನು ಎಣಿಸಬಹುದಾದ ಮಾತಿನಲ್ಲಿ ಬರೆದ ಮೇಲೆ ಈಗ ಹತ್ತರಲ್ಲಿ ಎಂಟಕ್ಕೆ ಕಡಿಮೆಯಿಲ್ಲ. "ಮಕ್ಕಳನ್ನು ಚೆನ್ನಾಗಿ ತೊಡಗಿಸಿದ್ದಾರೆ" ಎಂದಿದ್ದಲ್ಲಿ "ಹತ್ತು ಗೀಟಿನಲ್ಲಿ ನಾಲ್ಕಾದರೂ ಮಗುವಿನ ಮಾತು ಅಥವಾ ಓದು-ಬರಹ" ಎಂದು ಬದಲಿಸಿದ್ದೇ ದೊಡ್ಡ ತಿರುವು. ಎರಡು ಹಂತದ ವ್ಯತ್ಯಾಸ ಬಂದರೆ ಆ ಭೇಟಿ ರದ್ದು, ಮತ್ತೆ ಕೂರಬೇಕು.

ಮಾತುಕತೆ ಅದೇ ದಿನ ಹತ್ತು ನಿಮಿಷ. ಮುಖ್ಯ ಶಿಕ್ಷಕರ ಎದುರಿಗೆ ಬೇಡ, ಮಕ್ಕಳ ಎದುರಿಗಂತೂ ಬೇಡ. ಮೊದಲು ಅವರಿಗೆ ಏನು ಕಂಡಿತು ಎಂದು ಕೇಳಿ, ನಕ್ಷೆ ತೋರಿಸಿ, ಬದಲಿಸಲು ಒಂದೇ ಒಂದು ಅಂಶ ಒಪ್ಪಿಕೊಂಡು ಎದ್ದು ಬರಬೇಕು. ಭೇಟಿ ಪುಸ್ತಕದಲ್ಲಿ ಅಂಕ ಬರೆಯಲೇಬಾರದು. ಬರೆದ ಸಾಲು ಎಲ್ಲಿಗೆ ಹೋಗಿ ನೋಟಿಸ್ ಆಗಿ ಬರುತ್ತದೋ ಎಂಬ ಭಯ ಒಮ್ಮೆ ಹೊಕ್ಕರೆ ಆ ಶಾಲೆಯ ಬಾಗಿಲು ಎರಡು ವರ್ಷ ತೆರೆಯುವುದಿಲ್ಲ.

ಖರ್ಚಿನ ವಿಷಯ. ಅರವತ್ತು ಶಿಕ್ಷಕರು, ಸುತ್ತಿಗೆ ಮೂರು ಹಾಳೆ (ಎರಡು ತರಗತಿಗೆ, ಒಂದು ಓದಿಗೆ), ಎರಡು ಸುತ್ತು ಎಂದರೆ 360 ಹಾಳೆ. ಹಾಳೆಗೆ ಒಂದೂವರೆ ರೂಪಾಯಿಯಂತೆ 540. ಓದಿನ ಕಾರ್ಡ್ ಹನ್ನೆರಡು, ಲ್ಯಾಮಿನೇಶನ್ ಸೇರಿ ನಾನೂರರ ಹತ್ತಿರ. ನಿಜವಾದ ಖರ್ಚು ಪೆಟ್ರೋಲ್, ವರ್ಷಕ್ಕೆ ಮೂರ್ನಾಲ್ಕು ಸಾವಿರ ಕೈಯಿಂದಲೇ ಹೋಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಮೇಡಂಗಳಿಗೆ ಬಿಎಂಟಿಸಿ ಖರ್ಚು ತಪ್ಪಿದೆ, ಹಾಗಾಗಿ ದೂರದ ಶಾಲೆಗಳನ್ನು ಅವರೇ ಕೇಳಿ ತೆಗೆದುಕೊಳ್ಳುತ್ತಾರೆ. ಒಂದು ಕಂಪನಿ ಇದನ್ನೆಲ್ಲ ಟ್ಯಾಬ್‌ನಲ್ಲಿ ಮಾಡಿಕೊಡುತ್ತೇವೆಂದು ಐವತ್ತು ಸಾವಿರದ ಮೇಲೆ ಹೇಳಿತ್ತು. ಉಚಿತವಾಗಿ ಕೊಟ್ಟ ಮಾದರಿಯನ್ನು ಬಳಸಿ ನೋಡಿದೆವು: ನಕ್ಷೆ ಬರೆಯಲು ಜಾಗವಿಲ್ಲ, ನೆಟ್‌ವರ್ಕ್ ಹೋದರೆ ತುಂಬಿದ್ದೆಲ್ಲ ಮಾಯ. ಕಾಗದಕ್ಕೇ ಮರಳಿದೆವು.

ನಡುನಡುವೆ ಬೇರೆ ಪ್ರಯೋಗಗಳೂ ನಡೆದವು. ಫೋನಿನಲ್ಲಿ ವಿಡಿಯೊ ತೆಗೆದರೆ ಮಕ್ಕಳೆಲ್ಲ ಫೋನನ್ನೇ ನೋಡುತ್ತಾರೆ, ಕೈಬಿಟ್ಟೆವು. ಧ್ವನಿಮುದ್ರಣ ಮಾತ್ರ ಬಹಳ ಕೆಲಸಕ್ಕೆ ಬಂತು, ಶಿಕ್ಷಕರು ತಮ್ಮದನ್ನು ತಾವೇ ಕೇಳಿ ಅಳಿಸಿಬಿಡುವ ಕರಾರಿನ ಮೇಲೆ. ಪ್ರಶ್ನೆ ಕೇಳಿದ ಮೇಲೆ ಎಷ್ಟು ಸೆಕೆಂಡ್ ಕಾಯುತ್ತೇವೆ ಎಂದು ಎಣಿಸಲು ಹೇಳಿದೆವು. ಶಿಕ್ಷಕರು ಸರಾಸರಿ ಒಂದೇ ಸೆಕೆಂಡ್ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಉತ್ತರಗಳು ಉದ್ದವಾಗುತ್ತವೆ ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋವ್ 1970ರ ದಶಕದಲ್ಲೇ ತೋರಿಸಿದ್ದರು. ನಮ್ಮಲ್ಲಿ ಒಂದು ಸೆಕೆಂಡೂ ಇರಲಿಲ್ಲ, ಪ್ರಶ್ನೆಯ ಬಾಲಕ್ಕೇ ಉತ್ತರ ಅಂಟಿರುತ್ತಿತ್ತು.

ಮಕ್ಕಳನ್ನು ಕೇಳುವ ಪ್ರಯೋಗದಲ್ಲಿ ನಗುಮುಖದ ಚಿತ್ರಗಳು ವ್ಯರ್ಥ, ಎಲ್ಲರೂ ನಗುವ ಮುಖಕ್ಕೇ ಗುರುತು ಹಾಕುತ್ತಾರೆ. "ನಿನ್ನೆ ನೀನು ಯಾವ ಪಾಠದಲ್ಲಿ ಉತ್ತರ ಹೇಳಿದೆ?", "ತಪ್ಪು ಹೇಳಿದರೆ ಮಿಸ್ ಏನು ಮಾಡ್ತಾರೆ?" ಎಂದು 5ರಿಂದ 7ನೇ ತರಗತಿಯ ಮಕ್ಕಳನ್ನು ಕೇಳಿದರೆ ಸ್ಪಷ್ಟ ಉತ್ತರ ಸಿಗುತ್ತದೆ. ಮೂರನೇ ಪ್ರಶ್ನೆಯೊಂದಿದೆ, ಅತಿ ಹೆಚ್ಚು ತಿಳಿಸುವುದು ಅದೇ. ಇಲ್ಲಿ ಬರೆದರೆ ಮುಂದಿನ ವಾರಕ್ಕೆ ಉತ್ತರ ಕಲಿಸಿಟ್ಟಿರುತ್ತಾರೆ, ಬರೆಯುವುದಿಲ್ಲ.

ಉರ್ದು ಮಾಧ್ಯಮದ ಶಾಲೆಗಳಿಗೆ ಗೀಟು, ನಕ್ಷೆ ಹಾಗೇ ಹೊಂದುತ್ತವೆ. ನೋಟ್‌ಬುಕ್ ಮತ್ತು ಓದಿಗೆ ಉರ್ದು ಬಲ್ಲವರೇ ಬೇಕು, ಪಕ್ಕದ ಕ್ಲಸ್ಟರ್‌ನ ಉರ್ದು ಶಿಕ್ಷಕಿಯೊಬ್ಬರನ್ನು ತಿಂಗಳಿಗೊಮ್ಮೆ ಕೇಳಿಕೊಂಡು ನಡೆಸುತ್ತಿದ್ದೇವೆ. ಪ್ರೌಢಶಾಲೆಗೆ ಈ ಹಾಳೆ ಹಾಗೆಯೇ ಒಯ್ಯಬೇಡಿ. ಅಲ್ಲಿ ವಿಷಯ ತಿಳಿದವರು ಕೂರಬೇಕು, ಓದಿನ ಬದಲು ಉತ್ತರ ಬರೆಸುವ ಐದು ನಿಮಿಷ ಬೇಕು, ಜನವರಿ ಹೊತ್ತಿಗೆ ಎಸ್‌ಎಸ್‌ಎಲ್‌ಸಿ ಪುನರಾವರ್ತನೆ ಶುರುವಾಗಿರುವುದರಿಂದ ಎರಡನೇ ಸುತ್ತು ನವೆಂಬರ್‌ನಲ್ಲೇ ಮುಗಿಯಬೇಕು.